ಹೊಟ್ಟೆ ಒಪ್ಪಬೇಕಾದ ತಲೆನೋವಿನ ಮಾತ್ರೆ

ನನಗೆ ಮೈಗ್ರೇನ್ ಶುರುವಾದದ್ದು ಪಿಯುಸಿ ಓದುವಾಗ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದದ್ದು ನಲವತ್ತು ದಾಟಿದ ಮೇಲೆ. ತಲೆಗೆ ಒಬ್ಬ ವೈದ್ಯರು, ಹೊಟ್ಟೆಗೆ ಇನ್ನೊಬ್ಬರು, ಸಕ್ಕರೆ ಕಾಯಿಲೆಗೆ ಮತ್ತೊಬ್ಬರು. ಮೂವರೂ ತಮ್ಮ ಕೆಲಸ ಚೆನ್ನಾಗಿ ಬಲ್ಲವರು. ಆದರೆ ಮೂವರು ಬರೆದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಕಡೆಗೆ ರೋಗಿಯ ಪಾಲಿಗೇ ಬರುತ್ತದೆ. ಆ ಕೆಲಸ ಮಾಡುತ್ತಾ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಎರಡನ್ನೂ ಹೊತ್ತು ತಿರುಗುವವರು ನಮ್ಮ ಊರಿನಲ್ಲಿ ಕಡಿಮೆ ಇಲ್ಲ. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದವರನ್ನು ಮನೆಮನೆಗೆ ಹೋಗಿ ವಿಚಾರಿಸಿದ್ದರು. ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಕಾಡಿದವರು ಅವರಲ್ಲಿ ನೂರಕ್ಕೆ 25ರಷ್ಟಿದ್ದರು, ಹೆಂಗಸರೇ ಹೆಚ್ಚು. ಇನ್ನು ತೂಕದ ಶಸ್ತ್ರಚಿಕಿತ್ಸೆಯ ಫಲಕಗಳನ್ನು ಹೊರವರ್ತುಲ ರಸ್ತೆಯುದ್ದಕ್ಕೂ ಎಲ್ಲರೂ ನೋಡಿದ್ದೇವೆ.

ನನ್ನ ಕೆಲಸ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ. ಪುಸ್ತಕಗಳ ಪುಟವಿನ್ಯಾಸ, ಕರಡು ತಿದ್ದುವುದು. ದಿನವಿಡೀ ಕಂಪ್ಯೂಟರ್ ಪರದೆ, ಪಕ್ಕದ ಕೋಣೆಯಿಂದ ಶಾಯಿಯ ವಾಸನೆ. ಮೈಗ್ರೇನ್ ಇರುವವರಿಗೆ ಇದು ಒಳ್ಳೆಯ ಜಾಗವಲ್ಲ ಎಂದು ಬಹಳ ಮಂದಿ ಹೇಳಿದ್ದಾರೆ. ನನಗೆ ಈ ಕೆಲಸ ಇಷ್ಟ, ಬಿಡುವ ಮಾತೇ ಇಲ್ಲ. ತಲೆನೋವು ಬಂದಾಗ ಎಡಗಣ್ಣಿನ ಹಿಂದಿನಿಂದ ಏಳುತ್ತದೆ. ಅದಕ್ಕೆ ಮೊದಲು ಪರದೆಯ ಮೇಲಿನ ಸಾಲಿನಲ್ಲಿ ಒಂದೆರಡು ಅಕ್ಷರ ಕಾಣೆಯಾಗುತ್ತವೆ. ಕಣ್ಣು ಸರಿಸಿದರೆ ಆ ಅಕ್ಷರಗಳು ಮರಳುತ್ತವೆ, ಬೇರೆ ಎರಡು ಮಾಯವಾಗುತ್ತವೆ. ಆಮೇಲೆ ಅಂಚಿನಲ್ಲಿ ಮಿನುಗುವ ಅಂಕುಡೊಂಕು ಗೆರೆ. ಇಪ್ಪತ್ತು ನಿಮಿಷದಲ್ಲಿ ಗೆರೆ ಹೋಗುತ್ತದೆ, ನೋವು ಬರುತ್ತದೆ. ಆ ಇಪ್ಪತ್ತು ನಿಮಿಷದಲ್ಲಿ ಕೈಗೆ ಯಾವ ಮಾತ್ರೆ ಸಿಗುತ್ತದೆ ಎನ್ನುವುದರ ಮೇಲೆ ಉಳಿದ ದಿನ ನಿಂತಿರುತ್ತದೆ. ಶಸ್ತ್ರಚಿಕಿತ್ಸೆ ಮೊದಲು ಕೈ ಹಾಕಿದ್ದು ಅದಕ್ಕೇ.

ಶಸ್ತ್ರಚಿಕಿತ್ಸೆಗೆ ಕಾರಣ ಬರೀ ತೂಕವಲ್ಲ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಮತ್ತು ರಾತ್ರಿ ಗಂಟಲಿಗೆ ಏರುವ ಹುಳಿ. ಅದಕ್ಕಾಗಿ ಜಠರವನ್ನು ಉದ್ದಕ್ಕೆ ಕತ್ತರಿಸುವ ಸ್ಲೀವ್ ಬದಲು ಗ್ಯಾಸ್ಟ್ರಿಕ್ ಬೈಪಾಸ್ ಒಳ್ಳೆಯದೆಂದು ಸರ್ಜನ್ ಹೇಳಿದರು. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವಷ್ಟು ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಊಟ ಅದರ ಮೂಲಕ ಹಾಯುವುದಿಲ್ಲ.

ಆಸ್ಪತ್ರೆಗೆ ಸೇರುವ ಮುನ್ನದ ಭೇಟಿಯಲ್ಲಿ ಅಲ್ಲಿನ ಆಹಾರತಜ್ಞೆ ಒಂದು ಮಾತು ಹೇಳಿದರು. “ಮುಂದಿನ ಸಲ ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ. ಹೆಸರು ಬರೆದು ತರಬೇಡಿ, ಮಾತ್ರೆಗಳನ್ನೇ ತನ್ನಿ.” ನಾನು ಬಟ್ಟೆ ಚೀಲದಲ್ಲಿ ತುಂಬಿಕೊಂಡು ಹೋದೆ. ಫ್ರಿಜ್ ಮೇಲಿನ ಡಬ್ಬಿ, ಕಚೇರಿಯ ಮೇಜಿನ ಖಾನೆ, ಕೈಚೀಲದ ಒಳಜೇಬು, ಎಲ್ಲೆಲ್ಲಿಂದ ಎಷ್ಟು ಬಗೆ ಹೊರಬಂದವು ಎಂದರೆ ಅವರ ಮೇಜು ಸಾಲಲಿಲ್ಲ. ಸರ್ಜನ್ ಬಂದು ಕೂತು ಒಂದೊಂದೇ ಪಟ್ಟಿಯನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿ, ಎರಡು ಗುಂಪು ಮಾಡಿದರು.

ಕಾಂಬಿಫ್ಲಾಮ್ ಒಂದು ಕಡೆ ಹೋಯಿತು, ಅದರಲ್ಲಿ ಐಬುಪ್ರೊಫೆನ್ ಇದೆ. ಡಿಸ್ಪ್ರಿನ್ ಅದೇ ಕಡೆ, ಅದು ಆಸ್ಪಿರಿನ್. ಬೆನ್ನುನೋವಿಗೆಂದು ತಂದಿದ್ದ ಅಸೆಕ್ಲೊಫೆನಾಕ್ ಮಾತ್ರೆಯೂ ಅಲ್ಲಿಗೇ. ಸಾರಿಡಾನ್ ಕೈಗೆತ್ತಿಕೊಂಡು, “ಇದರಲ್ಲಿ ಪ್ಯಾರಾಸಿಟಮಾಲ್ ಮತ್ತು ಕೆಫೀನ್ ಜೊತೆ ಪ್ರೊಪಿಫೆನಜೋನ್ ಇದೆ, ನಿಮಗೆ ಬೇಡ” ಎಂದರು. ನಾನು ಅತಿ ಹೆಚ್ಚು ನಂಬಿಕೊಂಡಿದ್ದ ಮೈಗ್ರೇನ್ ಮಾತ್ರೆ ಕೊನೆಗೆ ಉಳಿಯಿತು. ಅದು ಸುಮಾಟ್ರಿಪ್ಟಾನ್ ಎಂದೇ ನನ್ನ ತಿಳಿವಳಿಕೆ. ಅವರು ಪಟ್ಟಿ ತಿರುಗಿಸಿ ಬೆರಳಿಟ್ಟು ತೋರಿಸಿದರು. ಸುಮಾಟ್ರಿಪ್ಟಾನ್ ಕೆಳಗೆ ಇನ್ನೊಂದು ಸಾಲು ಇತ್ತು, ನ್ಯಾಪ್ರೊಕ್ಸೆನ್. ಎರಡನ್ನೂ ಬೆರೆಸಿದ ಮಾತ್ರೆ ಅದು. ಮೈಗ್ರೇನ್‌ಗೆ ಬೆರಕೆಯೇ ಒಂಟಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದೂ ನಿಜ, ಅದಕ್ಕೇ ನರರೋಗ ವೈದ್ಯರು ಬರೆದಿದ್ದರು. ಆದರೆ ನ್ಯಾಪ್ರೊಕ್ಸೆನ್ ಕೂಡ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳ ಬಳಗದ್ದೇ.

ಆ ಬಳಗ ಏಕೆ ಬೇಡ ಎಂಬುದನ್ನು ಅವರು ಸಾವಧಾನವಾಗಿ ವಿವರಿಸಿದರು. ನಮ್ಮ ಜಠರದ ಒಳಪದರವನ್ನು ಆಮ್ಲದಿಂದ ಕಾಯುವ ಲೋಳೆ ಇದೆ. ಅದು ಸರಿಯಾಗಿ ಒಸರಬೇಕಾದರೆ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಬೇಕು. ನೋವು, ಉರಿಯೂತಕ್ಕೂ ಅದೇ ಬಳಗದ ವಸ್ತುಗಳು ಕಾರಣ. ಈ ಮಾತ್ರೆಗಳು ಅವುಗಳ ತಯಾರಿಯನ್ನೇ ತಡೆಯುವುದರಿಂದ ನೋವು ಇಳಿಯುತ್ತದೆ, ಜೊತೆಗೆ ಕಾವಲೂ ಇಳಿಯುತ್ತದೆ. ಬೈಪಾಸ್ ಆದವರಲ್ಲಿ ಪುಟ್ಟ ಚೀಲಕ್ಕೆ ಕರುಳು ಕೂಡುವ ಜಾಗ ಬಹಳ ನಾಜೂಕು. ಕರುಳಿಗೆ ಆಮ್ಲವನ್ನು ತಡೆದುಕೊಳ್ಳುವ ಅಭ್ಯಾಸವಿಲ್ಲ. ಅಲ್ಲಿ ಹುಣ್ಣಾದರೆ ರಕ್ತ ಸೋರಬಹುದು, ಕೆಲವರಲ್ಲಿ ತೂತೇ ಬೀಳಬಹುದು. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಸ್ಲೀವ್ ಆದವರಿಗೆ ಈ ನಿಯಮ ಅಷ್ಟು ಬಿಗಿಯಾಗಿಲ್ಲದಿರಬಹುದು, ಅದನ್ನು ಅವರವರ ಸರ್ಜನ್ ಹೇಳಬೇಕು. ಬೈಪಾಸ್‌ನವರಿಗೆ ಇದು ಜೀವನಪೂರ್ತಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಡಿಸ್ಚಾರ್ಜ್ ಕಾಗದದಲ್ಲಿ “ಎನ್‌ಎಸ್‌ಎಐಡಿ ಬೇಡ” ಎಂದು ಒಂದು ಸಾಲು ಇರುತ್ತದೆ, ಈ ಬಳಗಕ್ಕೆ ವೈದ್ಯರು ಇಟ್ಟ ಹೆಸರು ಅದು. ಆ ಐದು ಅಕ್ಷರಗಳನ್ನು ಓದಿ ತನ್ನ ತಲೆನೋವಿನ ಮಾತ್ರೆ ಅದರೊಳಗೆ ಬರುತ್ತದೆ ಎಂದು ಎಷ್ಟು ಜನಕ್ಕೆ ಹೊಳೆಯುತ್ತದೆ? ನಮ್ಮಲ್ಲಿ ಮಾತ್ರೆಯನ್ನು ಗುರುತಿಸುವುದು ಬಣ್ಣದಿಂದ, ಪಟ್ಟಿಯ ಹೊಳಪಿನಿಂದ, ಬ್ರಾಂಡ್ ಹೆಸರಿನಿಂದ. ಹೆಸರಿನ ಕೊನೆಗೆ ‘ಪ್ಲಸ್’ ಎಂದೋ ‘ಪಿ’ ಎಂದೋ ಸೇರಿದರೆ ಒಳಗಿನ ವಸ್ತುವೇ ಬೇರೆಯಾಗಿರುತ್ತದೆ. ಅಂಗಡಿಯಲ್ಲಿ ಕೇಳಿದ್ದು ಸಿಗದಿದ್ದರೆ “ಅದೇ ತರಹದ್ದು” ಎಂದು ಇನ್ನೊಂದನ್ನು ಕೊಡುತ್ತಾರೆ. ಅಂದಿನಿಂದ ನಾನು ಅಂಗಡಿಯಲ್ಲಿ ಬ್ರಾಂಡ್ ಹೆಸರು ಹೇಳುವುದನ್ನೇ ಬಿಟ್ಟಿದ್ದೇನೆ. ಒಳಗಿನ ಔಷಧದ ಹೆಸರು ಹೇಳಿ, ಪಟ್ಟಿ ಕೈಗೆ ಬಂದ ಕೂಡಲೇ ಕೌಂಟರಿನಲ್ಲೇ ನಿಂತು ಹಿಂಬದಿ ಓದುತ್ತೇನೆ. ಕರಡು ತಿದ್ದುವ ಕಣ್ಣು ಇಲ್ಲಿ ಉಪಯೋಗಕ್ಕೆ ಬಂತು. ವಿಜಯನಗರದ ನಮ್ಮ ಅಂಗಡಿಯ ಹುಡುಗ ಈಗ ತಾನಾಗಿಯೇ ಪಟ್ಟಿಯನ್ನು ತಿರುಗಿಸಿ ಕೊಡುತ್ತಾನೆ, “ಅಕ್ಕ, ಒಂಟಿ ಸುಮಾಟ್ರಿಪ್ಟಾನ್, ನೋಡಿಕೊಳ್ಳಿ” ಎನ್ನುತ್ತಾನೆ.

ಮಂಜೂರಾದ ಗುಂಪಿನಲ್ಲಿ ಉಳಿದದ್ದು ಸ್ವಲ್ಪವೇ. ಪ್ಯಾರಾಸಿಟಮಾಲ್ ಇತ್ತು, ಎಲ್ಲರ ಮನೆಯಲ್ಲಿರುವ ಡೋಲೊ 650 ಕೂಡ ಅದೇ. ಒಂಟಿ ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ. ವಾಂತಿ ತಡೆಯುವ ಮಾತ್ರೆ. ವ್ಯಾಸೊಗ್ರೇನ್ ಬಗ್ಗೆ ಕೇಳಿದೆ, ಏಕೆಂದರೆ ನಮ್ಮ ತಾಯಿ ಬಳಸುತ್ತಿದ್ದದ್ದು ಅದನ್ನೇ. ಅದರಲ್ಲಿ ಎರ್ಗೊಟಮಿನ್ ಇದೆ, ರಕ್ತನಾಳಗಳನ್ನು ಬಿಗಿಸುತ್ತದೆ, ಸುಮಾಟ್ರಿಪ್ಟಾನ್ ತೆಗೆದುಕೊಂಡ 24 ಗಂಟೆಯೊಳಗೆ ಅದನ್ನು ಮುಟ್ಟಲೇಬಾರದು ಎಂದರು. ಟ್ರಿಪ್ಟಾನ್‌ಗಳೂ ರಕ್ತನಾಳ ಬಿಗಿಸುವವೇ, ಹೃದಯದ ತೊಂದರೆ ಇರುವವರಿಗೆ ಅವು ಸಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಮಾಡಿದ್ದ ಇಸಿಜಿ, ಎಕೋ ವರದಿಗಳು ಇಲ್ಲಿಯೂ ಕೆಲಸಕ್ಕೆ ಬಂದವು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಮೊದಲ ವಾರಗಳಲ್ಲಿ ತಲೆನೋವು ಮುಂಚಿಗಿಂತ ಹೆಚ್ಚೇ ಆಯಿತು. ಹೊಟ್ಟೆಗೆ ಮಾಡಿದ ಶಸ್ತ್ರಚಿಕಿತ್ಸೆಗೂ ತಲೆಗೂ ಏನು ಸಂಬಂಧ ಎಂದು ಮನೆಮಂದಿ ಕೇಳುತ್ತಿದ್ದರು. ಸಂಬಂಧ ಬೇಕಾದಷ್ಟಿತ್ತು. ಬೆಳಿಗ್ಗೆ, ಹನ್ನೊಂದಕ್ಕೆ, ಸಂಜೆ ಎಂದು ಕುಡಿಯುತ್ತಿದ್ದ ಫಿಲ್ಟರ್ ಕಾಫಿ ಒಮ್ಮೆಲೇ ನಿಂತಿತ್ತು. ಕೆಫೀನ್ ತಟ್ಟನೆ ನಿಂತರೆ ಬಹಳ ಮಂದಿಗೆ ತಲೆನೋವು ಬರುತ್ತದೆ. ನೀರನ್ನು ಗುಟುಕು ಗುಟುಕಾಗಿ ಮಾತ್ರ ಕುಡಿಯಲು ಸಾಧ್ಯ, ಲೋಟ ಎತ್ತಿ ಗಟಗಟ ಕುಡಿಯುವ ಕಾಲ ಮುಗಿದಿತ್ತು. ಊಟದ ಜೊತೆಗೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ಕಾಯಬೇಕು. ಏಪ್ರಿಲ್ ಬಿಸಿಲಿನಲ್ಲಿ ದೇಹಕ್ಕೆ ನೀರು ಸಾಲುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಔಷಧದ ಪ್ರಮಾಣ ಇಳಿಸುತ್ತಾ ಬರುತ್ತಿದ್ದರೂ ಒಮ್ಮೊಮ್ಮೆ ರಕ್ತದ ಸಕ್ಕರೆ ಕೆಳಗೆ ಹೋಗುತ್ತಿತ್ತು. ಇವುಗಳಲ್ಲಿ ಒಂದೊಂದೂ ಮೈಗ್ರೇನ್ ಎಬ್ಬಿಸಲು ಸಾಕು, ಮೂರೂ ಒಟ್ಟಿಗೆ ಬಂದಿದ್ದವು.

ಹಾಗಾಗಿ ಆ ದಿನಗಳಲ್ಲಿ ನಿಜವಾದ ಔಷಧವೆಂದರೆ ಗಡಿಯಾರ. ಮೇಜಿನ ಮೇಲೆ ಅರ್ಧ ಲೀಟರಿನ ಬಾಟಲಿ, ಒಂದು ಪುಟ ತಿದ್ದಿ ಮುಗಿದರೆ ಎರಡು ಗುಟುಕು. ನೀರು, ತೆಳು ಮಜ್ಜಿಗೆ, ಬೇಳೆಕಟ್ಟು. ಮಾತ್ರೆಗಳನ್ನು ನುಂಗಲು ಬಿಡದಿದ್ದ ಆರಂಭದಲ್ಲಿ ಪ್ಯಾರಾಸಿಟಮಾಲ್ ಅನ್ನು ದ್ರವರೂಪದಲ್ಲಿ ಕೊಟ್ಟಿದ್ದರು. ಯಾವ ಮಾತ್ರೆಯನ್ನು ಪುಡಿ ಮಾಡಬಹುದು, ಯಾವುದನ್ನು ಮಾಡಬಾರದು ಎಂಬುದನ್ನೂ ಕೇಳಿ ತಿಳಿದುಕೊಂಡೆ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು, ಅಂದರೆ ಹೆಸರಿನ ಮುಂದೆ ‘ಎಸ್ಆರ್’, ‘ಎಕ್ಸ್ಆರ್’, ‘ಇಆರ್’ ಎಂದಿರುವುವನ್ನು ಪುಡಿ ಮಾಡಲೇಬಾರದು, ಇಡೀ ದಿನದ ಔಷಧ ಒಮ್ಮೆಲೇ ಬಿಡುಗಡೆಯಾಗುತ್ತದೆ. ಇಡಿಯಾಗಿ ನುಂಗಿದರೂ ಬೈಪಾಸ್ ಆದ ಹೊಟ್ಟೆಯಲ್ಲಿ ಅವು ಪೂರ್ತಿ ಹೀರಿಕೆಯಾಗುತ್ತವೆ ಎಂಬ ಭರವಸೆ ಇಲ್ಲ, ದಾರಿ ಮೊಟಕಾಗಿದೆಯಲ್ಲ. ಆದ್ದರಿಂದ ನನಗೆ ಬರೆಯುವುದೆಲ್ಲ ಸಾದಾ ಮಾತ್ರೆಗಳು. ದಿನಕ್ಕೊಂದರ ಬದಲು ಎರಡು ಮೂರು ಸಲ ನುಂಗಬೇಕಾದರೂ ಸರಿ.

ನಾಲಿಗೆಯ ಮೇಲೆ ಕರಗುವ ರಿಜಾಟ್ರಿಪ್ಟಾನ್ ಇದೆ ಎಂದು ತಿಳಿದಾಗ ಹೊಟ್ಟೆಯ ಗೊಡವೆಯೇ ಇಲ್ಲವಲ್ಲ ಎಂದು ಸಂತೋಷಪಟ್ಟೆ. ನರರೋಗ ವೈದ್ಯೆ ನಕ್ಕು, “ಕರಗುವುದು ಬಾಯಲ್ಲಿ, ರಕ್ತಕ್ಕೆ ಸೇರುವುದು ಕರುಳಿನಿಂದಲೇ” ಎಂದರು. ಹೊಟ್ಟೆಯನ್ನು ಅವಲಂಬಿಸದೆ ಕೆಲಸ ಮಾಡಬೇಕಾದರೆ ಸುಮಾಟ್ರಿಪ್ಟಾನ್ ಮೂಗಿನ ಸ್ಪ್ರೇ ಅಥವಾ ಚರ್ಮದಡಿ ಕೊಡುವ ಚುಚ್ಚುಮದ್ದು. ವಾಂತಿ ಶುರುವಾದ ಮೇಲೆ ಮಾತ್ರೆಯಿಂದ ಉಪಯೋಗವಿಲ್ಲದ ದಿನಗಳಿಗಾಗಿ ಸ್ಪ್ರೇ ಬರೆದುಕೊಟ್ಟರು. ಗಂಟಲಿಗೆ ಇಳಿಯುವ ಅದರ ಕಹಿಯನ್ನು ನಾನು ಇಂದಿಗೂ ಸಹಿಸಿಕೊಳ್ಳುತ್ತೇನೆ, ಒಗ್ಗಿಲ್ಲ. ಎಲ್ಲ ಅಂಗಡಿಗಳಲ್ಲಿ ಸಿಗುವುದೂ ಇಲ್ಲ, ಮುಂಚಿತವಾಗಿ ಹೇಳಿ ತರಿಸಬೇಕು.

ಒಂದು ರಾತ್ರಿಯ ವಿಷಯ ಹೇಳಲೇಬೇಕು. ಬೈಪಾಸ್ ಆಗಿ ಕೆಲವು ತಿಂಗಳು ಕಳೆದಿದ್ದವು. ಮೈಗ್ರೇನ್ ಜೊತೆ ವಾಂತಿ ಬಿಡದೆ ಹಿಡಿದಿತ್ತು, ನೀರೂ ನಿಲ್ಲುತ್ತಿರಲಿಲ್ಲ. ಯಜಮಾನರು ಆಟೊದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಕಣ್ಣಿಗೆ ವೇಲು ಕಟ್ಟಿಕೊಂಡು ಮಲಗಿದ್ದೆ, ಟ್ಯೂಬ್‌ಲೈಟಿನ ಬೆಳಕು ಬಟ್ಟೆಯೊಳಗಿಂದಲೂ ಇರಿಯುತ್ತಿತ್ತು. ಸಿಸ್ಟರ್ ಸಿರಿಂಜ್ ಸಿದ್ಧ ಮಾಡುವ ಸದ್ದು ಕೇಳಿಸಿತು. ಯಜಮಾನರು ಕೇಳಿದರು, “ಸಿಸ್ಟರ್, ಯಾವ ಇಂಜೆಕ್ಷನ್?”

“ನೋವಿಗೆ ಸರ್, ಡೈಕ್ಲೊಫೆನಾಕ್.”

“ಅದು ಇವರಿಗೆ ಆಗುವುದಿಲ್ಲ. ಬೈಪಾಸ್ ಆಗಿದೆ.”

“ಹೊಟ್ಟೆಗೆ ಹೋಗುವುದಿಲ್ಲ ಸರ್, ಸೊಂಟಕ್ಕೆ ಕೊಡುವುದು.”

ಈ ಮಾತು ಎಷ್ಟು ಸರಿ ಎನಿಸುತ್ತದೆ ನೋಡಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಡೈಕ್ಲೊಫೆನಾಕ್ ಹುಣ್ಣು ಮಾಡುವುದು ಮಾತ್ರೆ ಹೊಟ್ಟೆಗೆ ತಗಲುವುದರಿಂದ ಮಾತ್ರವಲ್ಲ. ರಕ್ತಕ್ಕೆ ಸೇರಿದ ಮೇಲೆ ಇಡೀ ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ತಯಾರಿ ಕುಗ್ಗುತ್ತದೆ, ಜಠರದ ಕಾವಲೂ ಅದರಲ್ಲಿ ಸೇರಿದೆ. ಸೊಂಟಕ್ಕೆ ಕೊಟ್ಟರೂ, ಗುದದ್ವಾರದ ಮೂಲಕ ಕೊಟ್ಟರೂ ಅಪಾಯ ಅಪಾಯವೇ. ಯಜಮಾನರ ಕಿಸೆಯಲ್ಲಿ ಸರ್ಜನ್ ಸಹಿ ಮಾಡಿಕೊಟ್ಟ ಕಾರ್ಡು ಇತ್ತು. ಅದನ್ನು ಕೊಟ್ಟಾಗ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ವೈದ್ಯರು ಓದಿ, ಅಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ನನಗೆ ಅವರ ಮೇಲೆ ಬಹಳ ಗೌರವ, ಅಪರಾತ್ರಿಯಲ್ಲಿ ಹಾಗೆ ಫೋನೆತ್ತಿ ಕೇಳುವವರು ಎಷ್ಟು ಜನ? ಸಲೈನ್ ಹಾಕಿದರು, ಪ್ಯಾರಾಸಿಟಮಾಲ್ ಅನ್ನು ಡ್ರಿಪ್ ಮೂಲಕ ಕೊಟ್ಟರು, ವಾಂತಿಗೆ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ಕೊಟ್ಟರು. ಅದು ಮೈಗ್ರೇನ್ ನೋವನ್ನೂ ಇಳಿಸುತ್ತದೆ. ಸರ್ಜನ್ ಫೋನಿನಲ್ಲಿ ಇನ್ನೂ ಒಂದು ಹೇಳಿದ್ದರು. ಗ್ಲೂಕೋಸ್ ಹಾಕುವುದಾದರೆ ಮೊದಲು ಥಯಮಿನ್, ಅಂದರೆ ಬಿ1 ಜೀವಸತ್ವ ಕೊಡಬೇಕು. ಬೈಪಾಸ್ ಆದವರು ಹಲವು ದಿನ ವಾಂತಿ ಮಾಡಿಕೊಂಡರೆ ದೇಹದಲ್ಲಿ ಥಯಮಿನ್ ಬರಿದಾಗುತ್ತದೆ, ಆ ಸ್ಥಿತಿಯಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಬೆಳಗಾಗುವಷ್ಟರಲ್ಲಿ ನಾನು ಎದ್ದು ಕೂತಿದ್ದೆ.

ಆ ಕಾರ್ಡಿನಲ್ಲಿ ಇರುವುದು ಇಷ್ಟೇ: ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ, ಡೈಕ್ಲೊಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಕೆಟೊರೊಲಾಕ್, ಆಸ್ಪಿರಿನ್ ಯಾವ ರೂಪದಲ್ಲೂ ಬೇಡ, ವಾಂತಿ ಇದ್ದರೆ ಮೊದಲು ಥಯಮಿನ್, ಸರ್ಜನ್ ನಂಬರು. ಬಳಗದ ಹೆಸರಿನ ಬದಲು ಔಷಧಗಳ ಹೆಸರುಗಳನ್ನೇ ಬರೆಸಿದ್ದು ನಾನು ಹಟ ಹಿಡಿದು. ನನ್ನ ಕೈಚೀಲದಲ್ಲಿ ಒಂದು, ಯಜಮಾನರ ಬಳಿ ಒಂದು, ಕಚೇರಿಯ ಮೇಜಿನ ಗಾಜಿನ ಕೆಳಗೆ ಒಂದು. ನೋವು ಬಂದಾಗ ನನಗೆ ಮಾತು ಹೊರಡುವುದಿಲ್ಲ, ನನ್ನ ಪರವಾಗಿ ಬೇರೆಯವರು ಹೇಳಬೇಕಾಗುತ್ತದೆ.

ಬಂದ ನೋವಿಗೆ ಔಷಧ ಒಂದು ಕಡೆ, ನೋವೇ ಬಾರದಂತೆ ದಿನಾಲೂ ತೆಗೆದುಕೊಳ್ಳುವ ಔಷಧ ಇನ್ನೊಂದು ಕಡೆ. ಈ ಎರಡನೆಯದಕ್ಕೆ ನಾವು ಪಟ್ಟ ಪಾಡು ಹೆಚ್ಚು. ಶಸ್ತ್ರಚಿಕಿತ್ಸೆಗೆ ಮುಂಚೆ ಫ್ಲುನಾರಿಜಿನ್ ತೆಗೆದುಕೊಳ್ಳುತ್ತಿದ್ದೆ. ಅದು ಹಸಿವು, ತೂಕ ಎರಡನ್ನೂ ಹೆಚ್ಚಿಸುತ್ತದೆ. ಇಷ್ಟೆಲ್ಲ ಮಾಡಿಸಿಕೊಂಡ ಮೇಲೆ ಅದನ್ನು ಮುಂದುವರಿಸುವುದರಲ್ಲಿ ಅರ್ಥವಿರಲಿಲ್ಲ. ವಾಲ್ಪ್ರೊಯೇಟ್ ಕೂಡ ತೂಕ ಏರಿಸುವಂಥದ್ದೇ. ಪ್ರೊಪ್ರನೊಲಾಲ್ ಒಳ್ಳೆಯ ಔಷಧ, ಆದರೆ ತೂಕ ಇಳಿದಂತೆ ನನ್ನ ರಕ್ತದೊತ್ತಡವೂ ಇಳಿದಿತ್ತು, ಎದ್ದು ನಿಂತರೆ ಕಣ್ಣು ಕತ್ತಲಿಡುತ್ತಿತ್ತು. ಅಲ್ಲದೆ ರಕ್ತದ ಸಕ್ಕರೆ ಕುಸಿದಾಗ ಎದೆ ಡವಗುಟ್ಟುವುದು, ಕೈ ನಡುಗುವುದು ಎಂಬ ಎಚ್ಚರಿಕೆಗಳನ್ನು ಅದು ಮುಚ್ಚಿಹಾಕುತ್ತದೆ. ನನಗೆ ಆ ಎಚ್ಚರಿಕೆಗಳು ಬೇಕಿದ್ದವು.

ಉಳಿದದ್ದು ಟೊಪಿರಮೇಟ್. ತೂಕ ಹೆಚ್ಚಿಸುವುದಿಲ್ಲ, ಸ್ವಲ್ಪ ಇಳಿಸುತ್ತದೆ ಕೂಡ. 25 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸಿದರು. ತಲೆನೋವು ಕಡಿಮೆಯಾಯಿತು, ಅದು ಸತ್ಯ. ಬೆರಳ ತುದಿಗಳು ಜುಮ್ಮೆನ್ನುತ್ತಿದ್ದವು, ಅದನ್ನು ಸಹಿಸಬಹುದಿತ್ತು. ಆದರೆ ಒಂದು ಮಧ್ಯಾಹ್ನ ಕರಡು ತಿದ್ದುತ್ತಾ ಕೂತಿದ್ದಾಗ, ಸಾಲಿನಲ್ಲಿ ತಪ್ಪಿರುವುದು ಕಾಣುತ್ತಿದೆ, ಅಲ್ಲಿರಬೇಕಾದ ಪದ ಮಾತ್ರ ನೆನಪಿಗೆ ಬರುತ್ತಿಲ್ಲ. ಪೆನ್ಸಿಲ್ ಹಿಡಿದು ಕೂತೇ ಇದ್ದೆ. ಪಕ್ಕದ ಮೇಜಿನ ಸಹೋದ್ಯೋಗಿಗೆ ಕಾಗದ ತೋರಿಸಿದೆ, ಆಕೆ ಕ್ಷಣದಲ್ಲಿ ಹೇಳಿದಳು, ಬಹಳ ಸಾಮಾನ್ಯ ಪದ. ಅಂಥದ್ದು ಮತ್ತೆ ಮತ್ತೆ ಆಯಿತು. ಅಕ್ಷರವನ್ನೇ ನಂಬಿ ಬದುಕುವವಳಿಗೆ ತಲೆನೋವಿಗಿಂತ ಇದು ಭಯ ಹುಟ್ಟಿಸಿತು. ವೈದ್ಯೆಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ, ಇದು ಟೊಪಿರಮೇಟ್‌ನ ತಿಳಿದಿರುವ ಅಡ್ಡಪರಿಣಾಮ. ಜೊತೆಗೆ ಅವರು ಇನ್ನೊಂದನ್ನು ನೆನಪಿಸಿದರು. ಬೈಪಾಸ್ ಆದವರ ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚಾಗಿ ಕಿಡ್ನಿ ಕಲ್ಲಿನ ಸಾಧ್ಯತೆ ಹೇಗೂ ಹೆಚ್ಚು, ಟೊಪಿರಮೇಟ್ ಕೂಡ ಕಲ್ಲಿಗೆ ದಾರಿ ಮಾಡುತ್ತದೆ, ಮೇಲೆ ನಾನು ಕುಡಿಯುವ ನೀರು ಕಡಿಮೆ. ಮೂರೂ ಸೇರುವುದು ಬೇಡವೆಂದು ಪ್ರಮಾಣ ಇಳಿಸುತ್ತಾ ನಿಲ್ಲಿಸಿದರು. ಪದಗಳು ಮರಳಿದವು.

ವಯಸ್ಸಿನಲ್ಲಿ ಚಿಕ್ಕವರಿಗಾಗಿ ಒಂದು ಮಾತು. ಟೊಪಿರಮೇಟ್, ವಾಲ್ಪ್ರೊಯೇಟ್ ಎರಡೂ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲವು. ಬೈಪಾಸ್ ಆದ ಮೇಲೆ ಗರ್ಭನಿರೋಧಕ ಮಾತ್ರೆಯೂ ಸರಿಯಾಗಿ ಹೀರಿಕೆಯಾಗದಿರಬಹುದು. ನನ್ನ ಹಾಗೆ ಕಣ್ಣ ಮುಂದೆ ಗೆರೆ ಮಿನುಗುವ ಮೈಗ್ರೇನ್ ಇರುವವರಿಗೆ ಈಸ್ಟ್ರೊಜೆನ್ ಇರುವ ಮಾತ್ರೆಗಳು ಪಾರ್ಶ್ವವಾಯುವಿನ ಅಪಾಯವನ್ನೂ ಹೆಚ್ಚಿಸುತ್ತವೆ. ಸಂಕೋಚಪಟ್ಟು ಕೇಳದೆ ಇರುವ ವಿಷಯ ಇದಲ್ಲ.

ಕೊನೆಗೆ ನಿಂತದ್ದು ಅಮಿಟ್ರಿಪ್ಟಿಲಿನ್ ಮೇಲೆ, ರಾತ್ರಿ ಮಲಗುವ ಮುನ್ನ 10 ಮಿಲಿಗ್ರಾಂ. ಇದೂ ತೂಕ ಹೆಚ್ಚಿಸಬಲ್ಲದು ಎಂದು ಗೊತ್ತಿದ್ದರಿಂದ ನಾನು ಒಪ್ಪಲು ತಡ ಮಾಡಿದೆ. ಕಡಿಮೆ ಪ್ರಮಾಣದಲ್ಲಿ ಕೊಟ್ಟು, ತೂಕವನ್ನು ಪ್ರತಿ ವಾರ ಬರೆದಿಟ್ಟು, ಏರುತ್ತಿದೆ ಎನಿಸಿದರೆ ಬದಲಿಸೋಣ ಎಂದು ವೈದ್ಯೆ ಮತ್ತು ಆಹಾರತಜ್ಞೆ ಫೋನಿನಲ್ಲಿ ಮಾತಾಡಿಕೊಂಡು ತೀರ್ಮಾನಿಸಿದರು. ಅವರಿಬ್ಬರೂ ನನ್ನ ಎದುರೇ ಮಾತಾಡಿದ್ದು ನನಗೆ ಯಾವ ಔಷಧಕ್ಕಿಂತಲೂ ಹೆಚ್ಚು ಸಮಾಧಾನ ತಂದಿತು. ಬಾಯಿ ಒಣಗುತ್ತದೆ, ಬೆಳಿಗ್ಗೆ ಸ್ವಲ್ಪ ಮಂಪರು ಇರುತ್ತದೆ. ಇಂಥ ಔಷಧಗಳ ಗುಣ ತಿಳಿಯಲು ಎರಡು ತಿಂಗಳಾದರೂ ಕಾಯಬೇಕು. ಕಾದೆ. ತಲೆನೋವು ಕಡಿಮೆಯಾಯಿತು, ತೂಕ ಅಲ್ಲೇ ನಿಂತಿದೆ.

ಕಡಿಮೆಯಾಯಿತೆಂದು ಹೇಳಲು ನನ್ನ ಬಳಿ ಆಧಾರ ಇರುವುದು ಅಡುಗೆಮನೆಯ ಗೋಡೆಯ ಮೇಲೆ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಅತ್ತೆಯವರು ಬರೆಯುವುದು ಅದರಲ್ಲೇ. ತಲೆನೋವು ಬಂದ ದಿನಕ್ಕೆ ಕೆಂಪು ಚುಕ್ಕೆ, ಟ್ರಿಪ್ಟಾನ್ ತೆಗೆದುಕೊಂಡರೆ ಪಕ್ಕದಲ್ಲಿ ‘ಟ್ರಿ’, ಪ್ಯಾರಾಸಿಟಮಾಲ್‌ಗೆ ‘ಪ್ಯಾ’. ಇದು ಬರೀ ನೆನಪಿಗಲ್ಲ. ತಿಂಗಳಲ್ಲಿ 10 ದಿನ ಅಥವಾ ಅದಕ್ಕಿಂತ ಹೆಚ್ಚು ಟ್ರಿಪ್ಟಾನ್, ಅಥವಾ 15 ದಿನ ಅಥವಾ ಅದಕ್ಕಿಂತ ಹೆಚ್ಚು ಪ್ಯಾರಾಸಿಟಮಾಲ್ ತೆಗೆದುಕೊಳ್ಳುವುದು ಮೂರು ತಿಂಗಳು ಮೀರಿ ನಡೆದರೆ ಔಷಧವೇ ತಲೆನೋವಿಗೆ ಕಾರಣವಾಗಬಹುದು. ನನ್ನಂಥವರಿಗೆ ಈ ಬಲೆ ಹತ್ತಿರ. ಉಳಿದ ನೋವಿನ ಮಾತ್ರೆಗಳೆಲ್ಲ ನಿಷಿದ್ಧವಾದ್ದರಿಂದ ಪ್ಯಾರಾಸಿಟಮಾಲ್ ನಿರಪಾಯಕಾರಿ ಎಂದು ಪದೇ ಪದೇ ಕೈ ಅದಕ್ಕೇ ಹೋಗುತ್ತದೆ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಯಾವುದನ್ನೂ ತೆಗೆದುಕೊಳ್ಳಬೇಡಿ ಎಂದು ವೈದ್ಯೆ ಗೆರೆ ಹಾಕಿದ್ದಾರೆ. ಕ್ಯಾಲೆಂಡರಿನಲ್ಲಿ ಒಂದು ವಾರದ ಸಾಲಿನಲ್ಲಿ ಎರಡು ‘ಟ್ರಿ’ ಬಿದ್ದರೆ ಅತ್ತೆಯವರೇ, “ಈ ವಾರದ್ದು ಮುಗಿಯಿತಲ್ಲಮ್ಮ, ಹೋಗಿ ಕತ್ತಲೆಯಲ್ಲಿ ಮಲಗು, ಕೆಲಸ ನಾನು ನೋಡಿಕೊಳ್ಳುತ್ತೇನೆ” ಎನ್ನುತ್ತಾರೆ.

ಅತ್ತೆಯವರ ಬಗ್ಗೆ ಇನ್ನೂ ಹೇಳಬೇಕು. ನಮ್ಮಲ್ಲಿ ಸಂಕಷ್ಟಿ ತಪ್ಪಿಸುವುದಿಲ್ಲ, ಚಂದ್ರ ಕಂಡ ಮೇಲೆಯೇ ಊಟ. ಹಸಿದಿದ್ದರೆ ನನಗೆ ಮೈಗ್ರೇನ್ ಖಚಿತ, ಈಗ ಮೂರು ಗಂಟೆಗೊಮ್ಮೆ ಏನಾದರೂ ತಿನ್ನಲೇಬೇಕು. ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದಾಗ ಅವರೇ ಬಟ್ಟಲಲ್ಲಿ ಬೇಯಿಸಿದ ಹೆಸರುಕಾಳು ತಂದಿಟ್ಟು, “ಗಣಪತಿಗೆ ನಿನ್ನ ತಲೆನೋವು ಬೇಕಿಲ್ಲ, ತಿನ್ನು” ಎಂದರು. ಮದುವೆಮನೆಗಳಲ್ಲಿ ಇನ್ನೊಂದು ಕಷ್ಟ. ಊಟದ ಪಂಕ್ತಿ ತಡವಾಗುತ್ತದೆ, ಎಲೆಯ ಮೇಲೆ ಮೊದಲು ಬೀಳುವುದೇ ಪಾಯಸ. ಖಾಲಿ ಹೊಟ್ಟೆಗೆ ಸಿಹಿ ಬಿದ್ದರೆ ಬೈಪಾಸ್ ಆದವರಿಗೆ ಬೆವರು, ಎದೆಬಡಿತ, ಒಂದೆರಡು ಗಂಟೆ ಕಳೆದು ರಕ್ತದ ಸಕ್ಕರೆಯ ಕುಸಿತ, ಅದರ ಬೆನ್ನಿಗೇ ನನಗೆ ತಲೆನೋವು. ಕೈಚೀಲದಲ್ಲಿ ಹುರಿಗಡಲೆ ಇಟ್ಟುಕೊಂಡು ಹೋಗುತ್ತೇನೆ, ಮುಹೂರ್ತದ ಹೊತ್ತಿಗೇ ತಿಂದಿರುತ್ತೇನೆ. ಪಾಯಸ ಬೇಡವೆಂದರೆ ಬಡಿಸುವವರು ಬಿಡುವುದಿಲ್ಲ, ಎಲೆಗೆ ಎರಡೂ ಕೈ ಅಡ್ಡ ಹಿಡಿಯುವುದನ್ನು ಕಲಿತಿದ್ದೇನೆ. ಕಚೇರಿಗೆ ಹೋಗುವಾಗ ವಿಜಯನಗರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯುತ್ತೇನೆ. ಬಸ್ಸಿನಲ್ಲಿ ಹೋದರೆ ಹೊಗೆ, ಹಾರ್ನ್, ಎಷ್ಟು ಹೊತ್ತಿಗೆ ತಲುಪುತ್ತೇವೆಂಬ ಖಾತ್ರಿಯಿಲ್ಲ. ಮೆಟ್ರೊದಿಂದ ನನ್ನ ತಿಂಡಿಯ ವೇಳೆ ತಪ್ಪುವುದಿಲ್ಲ, ಇದೂ ಚಿಕಿತ್ಸೆಯ ಭಾಗವೇ.

ಪ್ರತಿ ತಲೆನೋವನ್ನೂ ಹಳೆಯ ಮೈಗ್ರೇನ್ ಎಂದು ತಳ್ಳಿಹಾಕಬಾರದೆಂದು ಇಬ್ಬರು ವೈದ್ಯರೂ ಒತ್ತಿ ಹೇಳಿದ್ದಾರೆ. ಎದ್ದು ಕೂತರೆ ಹೆಚ್ಚಾಗಿ ಮಲಗಿದರೆ ಇಳಿಯುವ ಹೊಸ ಬಗೆಯ ನೋವಾದರೆ ಬೆನ್ನುಹುರಿಯ ಸುತ್ತಲಿನ ದ್ರವ ಸೋರುತ್ತಿರಬಹುದು, ತೂಕದ ಶಸ್ತ್ರಚಿಕಿತ್ಸೆಯ ನಂತರ ಕೆಲವರಲ್ಲಿ ಇದು ಕಂಡಿದೆ. ವಾಂತಿಯ ಜೊತೆ ಒಂದು ಎರಡಾಗಿ ಕಾಣುವುದು, ನಡಿಗೆ ತಪ್ಪುವುದು, ಗೊಂದಲ ಇದ್ದರೆ ಅದು ಥಯಮಿನ್ ಕೊರತೆಯ ಸೂಚನೆ, ಆಸ್ಪತ್ರೆಗೆ ಓಡಬೇಕು. ಮಲ ಟಾರಿನಂತೆ ಕಪ್ಪಾದರೆ, ಮೇಲುಹೊಟ್ಟೆಯಲ್ಲಿ ಉರಿ ನಿಲ್ಲದಿದ್ದರೆ ಸರ್ಜನ್ ಬಳಿಗೆ, ಎಂಡೊಸ್ಕೊಪಿ ಮಾಡಿ ಜೋಡಣೆಯ ಜಾಗ ನೋಡಬೇಕಾಗುತ್ತದೆ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನು ಅವರೇ ಬೇರೆ ಮಾಡಿ ನೋಡುತ್ತಾರೆ. ಕಬ್ಬಿಣ, ಬಿ12, ಕ್ಯಾಲ್ಸಿಯಂ ಸಿಟ್ರೇಟ್, ಡಿ ಜೀವಸತ್ವ ಇವು ನಿಲ್ಲುವಂತಿಲ್ಲ. ರಕ್ತಹೀನತೆ ಇದ್ದರೂ ತಲೆ ನೋಯುತ್ತದೆ.

ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗಳಿಗೆ ಬೇರೊಂದು ಆಸ್ಪತ್ರೆಯಲ್ಲಿ ಇದೇ ಶಸ್ತ್ರಚಿಕಿತ್ಸೆ ಎಂದು ನಿಗದಿಯಾಯಿತು. ಅವಳಿಗೂ ತಿಂಗಳು ತಿಂಗಳು ಮೈಗ್ರೇನ್ ಬರುತ್ತದೆ. ಭಾನುವಾರ ಅವಳ ಮನೆಗೆ ಹೋಗಿ ಇಬ್ಬರೂ ಕೂತು ಡಬ್ಬಿಯಲ್ಲಿದ್ದ ಪಟ್ಟಿಗಳನ್ನೆಲ್ಲ ಮಂಚದ ಮೇಲೆ ಸುರಿದುಕೊಂಡು ಹಿಂಬದಿ ಓದಿದೆವು. ಮೂರರಲ್ಲಿ ಡೈಕ್ಲೊಫೆನಾಕ್ ಇತ್ತು, ಒಂದರಲ್ಲಿ ನ್ಯಾಪ್ರೊಕ್ಸೆನ್. ಅವುಗಳನ್ನು ಒಂದು ಚೀಲಕ್ಕೆ ಹಾಕಿ ಸರ್ಜನ್‌ಗೆ ತೋರಿಸಲು ಎತ್ತಿಟ್ಟಿದ್ದಾಳೆ. ನನ್ನ ವಿಷಯಕ್ಕೆ ಬಂದರೆ, ಮುಂದಿನ ಭೇಟಿಯಲ್ಲಿ ಎರಡು ಪ್ರಶ್ನೆ ಕೇಳಬೇಕೆಂದು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದೇನೆ: ಅಮಿಟ್ರಿಪ್ಟಿಲಿನ್ ಇನ್ನೆಷ್ಟು ಕಾಲ, ಮತ್ತು ಮೈಗ್ರೇನ್ ತಡೆಯಲೆಂದೇ ಬಂದಿರುವ ತಿಂಗಳಿಗೊಂದು ಚುಚ್ಚುಮದ್ದು ನನಗೆ ಸರಿಹೋಗುತ್ತದೆಯೇ. ಅದು ಹೊಟ್ಟೆಯ ದಾರಿಯಲ್ಲಿ ಹೋಗುವುದಿಲ್ಲ, ತೂಕಕ್ಕೂ ತೊಂದರೆಯಿಲ್ಲ ಎನ್ನುತ್ತಾರೆ. ಬೆಲೆ ಮಾತ್ರ ಜೋರು.